ಬೇಗಂ ಬಜಾರಿನಿಂದ ರಾಷ್ಟ್ರಪತಿ ಭವನಕ್ಕೆ

ನಾಡನ್ನು ಆಳಲು ಯಾರು ಯೋಗ್ಯರು? ಪ್ಲೇಟೊನ ‘ರಿಪಬ್ಲಿಕ್’ ಪುಸ್ತಕದ ಉದ್ದಕ್ಕೂ ಕಾಡುವ ಪ್ರಶ್ನೆ ಇದು. ಅದನ್ನು ಉರ್ದುವಿಗೆ ತಂದವರು ಜಾಕಿರ್ ಹುಸೇನ್. ವಿದ್ವಾಂಸರು, ಅನುವಾದ ಮಾಡಿದರು, ಅದರಲ್ಲೇನು ವಿಶೇಷ ಅಂತೀರಾ? ಸ್ವಲ್ಪ ತಾಳಿ. ಆ ಅನುವಾದಕರೇ 1967ರ ಮೇ 13ರಂದು ಭಾರತ ಗಣರಾಜ್ಯದ ರಾಷ್ಟ್ರಪತಿಯಾಗಿ ಪ್ರಮಾಣವಚನ ತೆಗೆದುಕೊಂಡರು! ಆಳುವವರು ಹೇಗಿರಬೇಕು ಎಂದು ಸಾಲು ಸಾಲಾಗಿ ಬರೆದ ಕೈಯೇ ಒಂದು ದಿನ ಕಾನೂನುಗಳಿಗೆ ಅಂಕಿತ ಹಾಕಿತು. ಪ್ಲೇಟೊ ಕೇಳಿದ್ದರೆ ಅವನಿಗೇ ನಂಬಿಕೆ ಬರುತ್ತಿತ್ತೋ ಇಲ್ಲವೋ.

ಅವರು ಹುಟ್ಟಿದ್ದೆಲ್ಲಿ ಗೊತ್ತೇ? ಹೈದರಾಬಾದಿನ ಬೇಗಂ ಬಜಾರಿನಲ್ಲಿ!

ಕಾಚಿಗೂಡದಲ್ಲಿ ಬೆಂಗಳೂರಿನ ರೈಲು ಇಳಿದು ಆಟೊ ಹತ್ತಿದರೆ ಬೇಗಂ ಬಜಾರು ಏನೂ ದೂರವಿಲ್ಲ. ಇವತ್ತು ಅದು ಉಸಿರುಗಟ್ಟಿಸುವ ಸಗಟು ಪೇಟೆ. ಗೋಡಂಬಿ, ಒಣದ್ರಾಕ್ಷಿ, ಹಿತ್ತಾಳೆ ಪಾತ್ರೆ, ಒಣಮೆಣಸಿನ ಮೂಟೆ. ತಲೆಯ ಮೇಲೆ ಹೊರೆ ಹೊತ್ತು ‘ಹಟೋ ಹಟೋ’ ಎಂದು ನುಗ್ಗುವ ಹಮಾಲಿಗಳು. ಉತ್ತರದ ಕಾಯಂಗಂಜಿನಿಂದ ಬಂದ ಫಿದಾ ಹುಸೇನ್ ಖಾನ್ ಎಂಬ ವಕೀಲರು ಈ ಪೇಟೆಯಲ್ಲಿ ಮನೆ ಮಾಡಿದ್ದರು. ವಕೀಲಿಯ ಜೊತೆ ಕಾನೂನು ಪ್ರಕಟಣೆಗಳನ್ನೂ ಹೊರತರುತ್ತ ನಿಜಾಮರ ಊರಿನಲ್ಲಿ ಚೆನ್ನಾಗಿಯೇ ಬೆಳೆದರು. ಅವರ ಏಳು ಗಂಡುಮಕ್ಕಳಲ್ಲಿ ಮೂರನೆಯವರಾಗಿ ಜಾಕಿರ್ ಹುಟ್ಟಿದ್ದು 1897ರ ಫೆಬ್ರವರಿ 8ರಂದು. ಹುಡುಗನಿಗೆ ಹತ್ತು ವರ್ಷ ಆಗುವ ಹೊತ್ತಿಗೆ ತಂದೆ ತೀರಿಕೊಂಡರು, ಸಂಸಾರ ಕಾಯಂಗಂಜಿಗೆ ಮರಳಿತು. 1911ರಲ್ಲಿ ಪ್ಲೇಗು ತಾಯಿಯನ್ನೂ ಕೊಂಡೊಯ್ದಿತು.

ಈಗ ಬೇಗಂ ಬಜಾರಿನಿಂದ ದಕ್ಷಿಣಕ್ಕೆ ಹೊರಟು ಮೂಸಿ ನದಿಯ ಸೇತುವೆ ದಾಟಿ. ದಡದಲ್ಲೇ ಗುಮ್ಮಟಗಳ ಕೆಂಬಣ್ಣದ ಹೈಕೋರ್ಟ್ ಕಾಣುತ್ತದೆ. 1956ರಲ್ಲಿ ಆಂಧ್ರಪ್ರದೇಶ ಹುಟ್ಟಿದಾಗ ಅಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿ ಕೂತವರು ಕೋಕಾ ಸುಬ್ಬರಾವ್. ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಗಿ ದೇಶದ ಮುಖ್ಯ ನ್ಯಾಯಮೂರ್ತಿಯಾದರು. ಮೂಲಭೂತ ಹಕ್ಕುಗಳಿಗೆ ಸಂಸತ್ತೂ ಕೈ ಹಚ್ಚುವಂತಿಲ್ಲ ಎಂದ ಗೋಲಕನಾಥ್ ತೀರ್ಪನ್ನು 1967ರ ಫೆಬ್ರವರಿಯಲ್ಲಿ ಕೊಟ್ಟದ್ದು ಅವರ ಪೀಠವೇ. ಏಪ್ರಿಲಿನಲ್ಲಿ ರಾಜೀನಾಮೆ ಕೊಟ್ಟರು. ಯಾಕೆ? ರಾಷ್ಟ್ರಪತಿ ಚುನಾವಣೆಗೆ ನಿಲ್ಲಲು! ಎದುರಾಳಿ ಯಾರು? ಜಾಕಿರ್ ಹುಸೇನ್!

ಇದು ತಲೆಗೆ ಹೊಳೆದಾಗ ನನಗೆ ನಿಂತಲ್ಲೇ ರೋಮಾಂಚನ. ಒಂದೇ ನದಿ. ಒಂದು ದಡದ ಪೇಟೆಯಲ್ಲಿ ಹುಟ್ಟಿದ ಮೇಷ್ಟ್ರು, ಇನ್ನೊಂದು ದಡದ ಕೋರ್ಟಿನಲ್ಲಿ ಕೂತಿದ್ದ ನ್ಯಾಯಮೂರ್ತಿ. ಸಂವಿಧಾನವನ್ನು ಅರೆದು ಕುಡಿದವರಿಗೋ, ಮಕ್ಕಳಿಗೆ ಪಾಠ ಹೇಳಿದವರಿಗೋ, ಯಾರಿಗೆ ಆ ಕುರ್ಚಿ ಎಂದು ದೇಶದ ಶಾಸಕರು, ಸಂಸದರು ಕೂತು ಲೆಕ್ಕ ಹಾಕಿದರು. ಮತಮೌಲ್ಯದಲ್ಲಿ ಜಾಕಿರ್‌ಗೆ 4,71,244, ಸುಬ್ಬರಾವ್‌ಗೆ 3,63,971. ಮೇಷ್ಟ್ರು ಗೆದ್ದರು.

ಪಕ್ಷಗಳ ಬಲಾಬಲವೇ ಅದನ್ನು ತೀರ್ಮಾನಿಸಿತು ಎಂದು ನೀವು ಹೇಳಬಹುದು. ಒಪ್ಪಿದೆ. ಆದರೂ ಪ್ರಶ್ನೆ ಹಾಗೇ ಉಳಿಯುತ್ತದೆ: ಈ ಹುದ್ದೆಗೆ ಯಾವ ಅನುಭವ ಬೇಕು? ಸಂವಿಧಾನದ 58ನೇ ವಿಧಿ ತೆಗೆದು ನೋಡಿ, ಬೆರಗಾಗುತ್ತೀರಿ. ಭಾರತದ ಪ್ರಜೆಯಾಗಿರಬೇಕು. 35 ವರ್ಷ ತುಂಬಿರಬೇಕು. ಲೋಕಸಭೆಗೆ ಆರಿಸಿ ಬರುವ ಅರ್ಹತೆ ಇರಬೇಕು. ಸರ್ಕಾರದ ಲಾಭದಾಯಕ ಹುದ್ದೆಯಲ್ಲಿ ಇರಬಾರದು. ಮುಗಿಯಿತು! ಗುಮಾಸ್ತನ ಕೆಲಸಕ್ಕೂ ಅಂಕಪಟ್ಟಿ ಕೇಳುವ ದೇಶದಲ್ಲಿ, ಮೂರೂ ಸೇನೆಗಳ ಪರಮೋಚ್ಚ ದಂಡನಾಯಕರಿಗೆ ಹತ್ತನೇ ತರಗತಿಯೂ ಬೇಕಿಲ್ಲ. ಒಂದು ದಿನ ಮಂತ್ರಿಯಾಗಿರಬೇಕು ಎಂದಿಲ್ಲ, ಒಂದು ವಾರ್ಡಿನ ಸದಸ್ಯರಾಗಿರಬೇಕು ಎಂದೂ ಇಲ್ಲ.

ಬಾಗಿಲು ಹೀಗೆ ತೆರೆದಿದ್ದ ಮೇಲೆ ನುಗ್ಗುವವರು ನುಗ್ಗಿಯೇ ನುಗ್ಗಿದರು. ಚೌಧರಿ ಹರಿರಾಮ್ ಎಂಬವರು 1952ರ ಮೊದಲ ಚುನಾವಣೆಯಿಂದ ಶುರುಮಾಡಿ ಐದು ಸಲ ನಿಂತರು. 1967ರಲ್ಲಂತೂ ಕಣದಲ್ಲಿ 17 ಮಂದಿ. ಅವರಲ್ಲಿ ಒಂಬತ್ತು ಮಂದಿಗೆ ಬಿದ್ದ ಮತ ಸೊನ್ನೆ. ಕೊನೆಗೆ 1974ರಲ್ಲಿ ಕಾನೂನು ಬಿಗಿಯಾಯಿತು. ಈಗ 50 ಮತದಾರರು ಸೂಚಿಸಬೇಕು, ಇನ್ನೂ 50 ಮಂದಿ ಅನುಮೋದಿಸಬೇಕು, 15,000 ರೂಪಾಯಿ ಠೇವಣಿ ಕಟ್ಟಬೇಕು. ಗಮನಿಸಿ, ಬಿಗಿ ಮಾಡಿದಾಗಲೂ ಕೇಳಿದ್ದು ಬೆಂಬಲಿಗರನ್ನು, ಅನುಭವವನ್ನಲ್ಲ!

ಅಮೆರಿಕದಲ್ಲೂ ವಯಸ್ಸು 35ರದ್ದೇ ಗಡಿ. ಅಲ್ಲಿನ ಜೇಮ್ಸ್ ಬ್ಯೂಕ್ಯಾನನ್ ಸಂಸತ್ತಿನ ಎರಡೂ ಸದನ ಕಂಡವರು, ರಷ್ಯಾದಲ್ಲೂ ಬ್ರಿಟನ್ನಿನಲ್ಲೂ ರಾಯಭಾರಿ, ವಿದೇಶಾಂಗ ಕಾರ್ಯದರ್ಶಿ. ಅನುಭವದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅವರ ಕಣ್ಣೆದುರೇ ದೇಶ ಒಡೆಯಿತು. ಆಮೇಲೆ ಬಂದ ಲಿಂಕನ್ ಕೆಳಮನೆಯಲ್ಲಿ ಕೂತಿದ್ದು ಎರಡೇ ವರ್ಷ, ಸೆನೆಟ್‌ಗೆ ಹೋಗಲು ಹೊರಟು ಸೋತವರು. ಮುಂದಿನದು ನಿಮಗೆ ಗೊತ್ತೇ ಇದೆ.

ಸರಿ, ಜಾಕಿರ್ ಸಾಹೇಬರ ಬಳಿ ಇದ್ದ ಅನುಭವ ಯಾವುದು? ಬರ್ಲಿನ್ನಿನಲ್ಲಿ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡುತ್ತಿದ್ದಾಗ ಅವರಿಗೊಂದು ಹುಚ್ಚು ಹತ್ತಿತು: ಗಾಲಿಬನ ದಿವಾನನ್ನು ಅಂದವಾಗಿ ಅಚ್ಚು ಮಾಡಿಸಬೇಕು. ಅಲ್ಲಿ ಕಾವಿಯಾನಿ ಎಂಬ ಮುದ್ರಣಾಲಯ ಸಿಕ್ಕಿತು, ಆದರೆ ಮೊಳೆ ಜೋಡಿಸಲು ಜನ ಸಾಲದು. ಸಂಶೋಧಕ ವಿದ್ಯಾರ್ಥಿ ತಾನೇ ಕೇಸಿನ ಮುಂದೆ ನಿಂತ. ಒಂದೊಂದೇ ಅಚ್ಚುಮೊಳೆ ಹೆಕ್ಕಿ, ಸಾಲು ಕಟ್ಟಿ, ಗಾಲಿಬನನ್ನು ಕೈಯಾರೆ ಕಟ್ಟಿದ. ಮುಂದೆ ರಾಷ್ಟ್ರಪತಿಯಾಗುವವರ ಬೆರಳಿಗೆ ಬರ್ಲಿನ್ನಿನ ಮುದ್ರಣಾಲಯದ ಮಸಿ!

1926ರಲ್ಲಿ ಊರಿಗೆ ಬಂದರು. ವಯಸ್ಸು 29. ಕೈಗೆ ಸಿಕ್ಕಿದ್ದು ಮುಳುಗುವ ಹಂತದಲ್ಲಿದ್ದ ಜಾಮಿಯಾ ಮಿಲಿಯಾ. ಅಸಹಕಾರ ಚಳವಳಿಯ ಬಿಸಿಯಲ್ಲಿ ಹುಟ್ಟಿ, ಬಿಸಿ ಆರಿದ ಮೇಲೆ ದಿಕ್ಕಿಲ್ಲದಾಗಿದ್ದ ಸಂಸ್ಥೆ. ಅದನ್ನು ಉಳಿಸಲು ಅವರೂ ಸಂಗಾತಿ ಮೇಷ್ಟ್ರುಗಳೂ ಒಂದು ಪ್ರತಿಜ್ಞೆ ಮಾಡಿದರು: ಇಪ್ಪತ್ತು ವರ್ಷ ಇಲ್ಲೇ ದುಡಿಯುತ್ತೇವೆ, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಮುಟ್ಟುವುದಿಲ್ಲ. ಮುಟ್ಟುವ ಮಾತಿರಲಿ, ಆ ಸಂಬಳವೂ ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ. ಜಾಮಿಯಾದ ಹಳಬರು ಒಂದು ಪ್ರಸಂಗ ಹೇಳುತ್ತಾರೆ. ಬೂಟಿಗೆ ಪಾಲಿಶ್ ಹಾಕಿಕೊಂಡು ಬನ್ನಿ ಎಂದು ಹುಡುಗರಿಗೆ ಎಷ್ಟು ಹೇಳಿದರೂ ಕೇಳಲಿಲ್ಲವಂತೆ. ಒಂದು ಬೆಳಗ್ಗೆ ನೋಡಿದರೆ ಕುಲಪತಿಗಳೇ ಬ್ರಷ್ಷು, ಪಾಲಿಶ್ ಡಬ್ಬಿ ಹಿಡಿದು ಗೇಟಿನಲ್ಲಿ ಕೂತಿದ್ದಾರೆ! ಬಂದವರ ಬೂಟು ತಾವೇ ಉಜ್ಜತೊಡಗಿದರು. ಮಾರನೆಯ ದಿನದಿಂದ ಯಾರಿಗೂ ಹೇಳಬೇಕಾಗಲಿಲ್ಲ.

ಆಜ್ಞೆ ಮಾಡುವ ಅಧಿಕಾರ ಕಾಗದದಲ್ಲಿ ಮಾತ್ರ ಇರುವಾಗ, ಆಜ್ಞೆಯಿಲ್ಲದೆ ಕೆಲಸ ಆಗುವಂತೆ ಮಾಡುವುದು ಹೇಗೆ? ನಮ್ಮ ರಾಷ್ಟ್ರಪತಿಯ ಹುದ್ದೆಯ ಒಳಗುಟ್ಟೇ ಇದಲ್ಲವೇ! ಬ್ರಿಟನ್ನಿನ ಅರಸನಿಗೆ ಇರುವಂಥ ಸ್ಥಾನ, ದೇಶದ ಮುಖ್ಯಸ್ಥ ಹೌದು, ಕಾರ್ಯಾಂಗದ ಮುಖ್ಯಸ್ಥ ಅಲ್ಲ ಎಂದು ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಿಡಿಸಿ ಹೇಳಿದ್ದರು. ಜಾಕಿರ್ ಆಮೇಲೆ ಆಲಿಗಢದ ಕುಲಪತಿ, ಬಿಹಾರದ ರಾಜ್ಯಪಾಲ, ಉಪರಾಷ್ಟ್ರಪತಿ ಎಲ್ಲ ಆದರು. ನನ್ನ ಕಣ್ಣಿಗೆ ಮಾತ್ರ ಆ ಪಾಲಿಶ್ ಡಬ್ಬಿಯೇ ದೊಡ್ಡ ಅರ್ಹತಾಪತ್ರ. 1969ರ ಮೇ 3ರಂದು, ಅವಧಿಯ ನಡುವೆಯೇ ತೀರಿಕೊಂಡರು. ಅಧಿಕಾರದಲ್ಲಿದ್ದಾಗಲೇ ನಿಧನರಾದ ಮೊದಲ ರಾಷ್ಟ್ರಪತಿ. ಮಣ್ಣು ಮಾಡಿದ್ದು ಜಾಮಿಯಾದ ಅಂಗಳದಲ್ಲೇ.

ಈಗ ನಗರದ ಇನ್ನೊಂದು ತುದಿಗೆ ಬನ್ನಿ. ಕಾಂಚನ್‌ಬಾಗ್. ಎತ್ತರದ ಗೋಡೆ, ತಂತಿಬೇಲಿ, ಫೋಟೊ ತೆಗೆಯಬೇಡಿ ಎನ್ನುವ ಫಲಕ. ಒಳಗೆ ರಕ್ಷಣಾ ಇಲಾಖೆಯ ಕ್ಷಿಪಣಿ ಪ್ರಯೋಗಾಲಯ. 1982ರಲ್ಲಿ ಇಲ್ಲಿಗೆ ನಿರ್ದೇಶಕರಾಗಿ ಬಂದವರು ಎ.ಪಿ.ಜೆ. ಅಬ್ದುಲ್ ಕಲಾಂ. ನಮ್ಮವರಿಗೆ ಒಂದು ಸಣ್ಣ ಖುಷಿ: ಅದಕ್ಕೂ ಎಷ್ಟೋ ವರ್ಷ ಮೊದಲು ಬೆಂಗಳೂರಿನಲ್ಲಿ ಅವರು ನೆಲದಿಂದ ತುಸು ಮೇಲೆ ತೇಲುವ ಹೋವರ್‌ಕ್ರಾಫ್ಟ್ ಒಂದನ್ನು ಕಟ್ಟಿದ್ದರು. ಅದರ ಹೆಸರು ‘ನಂದಿ’!

ಹೈದರಾಬಾದಿಗೆ ಬರುವಾಗ ಕಲಾಂ ಬೆನ್ನಿಗೆ ಒಂದು ಹಳೆಯ ಗಾಯವೂ ಇತ್ತು. 1979ರ ಆಗಸ್ಟ್ 10, ಶ್ರೀಹರಿಕೋಟ. ಎಸ್‌ಎಲ್‌ವಿ-3 ರಾಕೆಟ್ ಹಾರಲು ಕೆಲವೇ ನಿಮಿಷ ಬಾಕಿ. ಇದ್ದಕ್ಕಿದ್ದಂತೆ ಕಂಪ್ಯೂಟರು ‘ಹೋಲ್ಡ್’ ಎಂದಿತು. ಏನೋ ಸೋರುತ್ತಿದೆ, ಹಾರಿಸಬೇಡಿ! ಸುತ್ತ ನಿಂತ ತಜ್ಞರು ಲೆಕ್ಕ ಹಾಕಿದರು: ಇಂಧನ ಸಾಕಷ್ಟಿದೆ, ಪರವಾಗಿಲ್ಲ. ಯೋಜನೆಯ ನಿರ್ದೇಶಕ ಕಲಾಂ ಕಂಪ್ಯೂಟರಿನ ಮಾತು ಬದಿಗಿಟ್ಟು ಹಾರಿಸಿಯೇಬಿಟ್ಟರು. ಮೊದಲ ಹಂತ ಸರಿ. ಎರಡನೆಯದರಲ್ಲಿ ಹಿಡಿತ ತಪ್ಪಿತು. ವರ್ಷಗಟ್ಟಲೆಯ ದುಡಿಮೆ ಬಂಗಾಳ ಕೊಲ್ಲಿಯ ಪಾಲಾಯಿತು. ಅವತ್ತು ಪತ್ರಕರ್ತರ ಮುಂದೆ ಕೂತು ಸೋಲು ಹೊತ್ತುಕೊಂಡವರು ಇಸ್ರೊ ಅಧ್ಯಕ್ಷ ಸತೀಶ್ ಧವನ್. ಮರುವರ್ಷ ಜುಲೈ 18ಕ್ಕೆ ಅದೇ ಮಾದರಿಯ ರಾಕೆಟ್ ಗೆದ್ದಾಗ ಧವನ್ ಹಿಂದೆ ಸರಿದು, ನೀವೇ ಹೋಗಿ ಮಾತಾಡಿ ಎಂದು ಕಲಾಂ ಅವರನ್ನು ಕಳಿಸಿದರು. ಈ ಕಥೆಯನ್ನು ಕಲಾಂ ಊರೂರಿನಲ್ಲಿ ಹೇಳಿದ್ದಾರೆ, ನೀವೂ ಕೇಳಿರುತ್ತೀರಿ. ಎಲ್ಲರೂ ಧವನ್ ಅವರ ದೊಡ್ಡತನಕ್ಕೆ ಚಪ್ಪಾಳೆ ತಟ್ಟುತ್ತಾರೆ. ನನ್ನ ಮನಸ್ಸು ಸಿಕ್ಕಿಕೊಂಡಿದ್ದು ಆ ‘ಹೋಲ್ಡ್’ ಎಂಬಲ್ಲಿ.

ಯಾಕೆಂದರೆ, ರಾಷ್ಟ್ರಪತಿ ಎಂದರೆ ಗಣರಾಜ್ಯದ ಹೋಲ್ಡ್ ಗುಂಡಿಯೇ! ರಾಕೆಟ್ಟಿನ ದಿಕ್ಕನ್ನು ಅವರು ಬದಲಿಸುವಂತಿಲ್ಲ. ಆದರೆ ಮಸೂದೆಯನ್ನು ಒಂದು ಸಲ ಹಿಂದಕ್ಕೆ ಕಳಿಸಬಹುದು. ಸಂಪುಟದ ಸಲಹೆಯನ್ನು ಇನ್ನೊಮ್ಮೆ ಯೋಚಿಸಿ ಎನ್ನಬಹುದು. ಒಂದೇ ಸಲ! ಮತ್ತೆ ಅದೇ ಬಂದರೆ ಅಂಕಿತ ಹಾಕಲೇಬೇಕು. ಆ ಒಂದು ಸಲವನ್ನು ಯಾವಾಗ ಬಳಸಬೇಕು ಎನ್ನುವುದೇ ಅವರ ಕಸುಬು.

ಕಾಂಚನ್‌ಬಾಗಿನಲ್ಲಿ ಕಲಾಂ ಅದನ್ನು ಕಲಿತರೇ? 1989ರ ಅಗ್ನಿ ಕ್ಷಿಪಣಿಯ ದಿನಚರಿ ನೋಡಿ. ಏಪ್ರಿಲ್ 20ಕ್ಕೆ ಮುಹೂರ್ತ. ತೊಡಕು ಕಂಡಿತು, ನಿಲ್ಲಿಸಿದರು. ಮೇ 1ಕ್ಕೆ ಮತ್ತೆ ಸಜ್ಜು, ಮತ್ತೆ ನಿಲ್ಲಿಸಿದರು. ಪತ್ರಿಕೆಗಳಲ್ಲಿ ವ್ಯಂಗ್ಯಚಿತ್ರಗಳ ಸುಗ್ಗಿ, ದೇಶವೆಲ್ಲ ನಗು. ಇವರು ಮಿಸುಕಲಿಲ್ಲ. ಮೇ 22ರಂದು ಅಗ್ನಿ ಹಾರಿತು, ಗುರಿ ಮುಟ್ಟಿತು. ಹತ್ತು ವರ್ಷದ ಹಿಂದೆ ಹೋಲ್ಡ್ ದಾಟಿ ಸಮುದ್ರಕ್ಕೆ ಬಿದ್ದವರು ಈ ಸಲ ಲೋಕ ನಕ್ಕರೂ ಕಾದರು!

ಅದೇ ಅಗ್ನಿಯ ಬೆನ್ನಲ್ಲೇ ಇನ್ನೊಂದು ಬೆರಗು. ಪಂಜಗುಟ್ಟದ ನಿಮ್ಸ್ ಆಸ್ಪತ್ರೆಯ ಮೂಳೆವೈದ್ಯರೊಬ್ಬರು ಪ್ರಯೋಗಾಲಯ ನೋಡಲು ಬಂದಿದ್ದರಂತೆ. ಕ್ಷಿಪಣಿಗೆಂದು ಮಾಡಿದ್ದ ಇಂಗಾಲದ ವಸ್ತುವಿನ ತುಂಡನ್ನು ಕೈಗೆತ್ತಿಕೊಂಡರು. ಇಷ್ಟು ಹಗುರವೇ! ಕಲಾಂ ಅವರನ್ನು ಆಸ್ಪತ್ರೆಗೆ ಕರೆದೊಯ್ದು ವಾರ್ಡ್ ತೋರಿಸಿದರು. ಪೋಲಿಯೊ ಬಂದ ಪುಟ್ಟ ಮಕ್ಕಳು ಮೂರು ಕಿಲೊಗೂ ಹೆಚ್ಚು ತೂಗುವ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು ಕಾಲು ಎಳೆಯುತ್ತಿದ್ದರು. ಮೂರು ವಾರ. ಅಷ್ಟರಲ್ಲಿ 300 ಗ್ರಾಂ ತೂಗುವ ಕ್ಯಾಲಿಪರ್ ತಯಾರು! ಎಳೆದಾಡುತ್ತಿದ್ದ ಮಕ್ಕಳು ವಾರ್ಡಿನಲ್ಲಿ ಓಡಾಡಿದರು. ಹೃದ್ರೋಗ ತಜ್ಞ ಸೋಮರಾಜು ಅವರ ಜೊತೆ ಸೇರಿ ಅಗ್ಗದ ಸ್ಟೆಂಟ್ ಮಾಡಿದ್ದೂ ಇದೇ ಊರಿನಲ್ಲಿ.

2002ರಲ್ಲಿ ಕಲಾಂ ರಾಷ್ಟ್ರಪತಿಯಾದರು. 9,22,884 ಮತಮೌಲ್ಯ, ಎದುರು ನಿಂತ ಕ್ಯಾಪ್ಟನ್ ಲಕ್ಷ್ಮಿ ಸೆಹಗಲ್‌ಗೆ 1,07,366. ಶಾಸಕರಾದವರಲ್ಲ, ಮಂತ್ರಿಯಾದವರಲ್ಲ, ಒಂದು ಚುನಾವಣೆ ಕಂಡವರಲ್ಲ. ರಾಜಕೀಯ ಗೊತ್ತಿಲ್ಲದವರು ಅಲ್ಲಿ ಏನು ಮಾಡಿಯಾರು ಎಂದು ಗೊಣಗಿದವರಿದ್ದರು. ಆ ಗೊಣಗಾಟ ಪೂರ್ತಿ ಸುಳ್ಳಾಗಲಿಲ್ಲ ಎಂಬುದನ್ನೂ ಹೇಳಬೇಕು. 2005ರ ಮೇ ತಿಂಗಳಲ್ಲಿ ಅವರು ಮಾಸ್ಕೊದಲ್ಲಿದ್ದರು. ಬಿಹಾರ ವಿಧಾನಸಭೆ ವಿಸರ್ಜಿಸುವ ಕಡತ ಸರಿರಾತ್ರಿ ಅಲ್ಲಿಗೇ ಬಂತು. ಅಂಕಿತ ಹಾಕಿದರು. ಆ ವಿಸರ್ಜನೆ ಸಂವಿಧಾನಬಾಹಿರ ಎಂದಿತು ಸುಪ್ರೀಂ ಕೋರ್ಟ್. ರಾಜೀನಾಮೆ ಪತ್ರ ಬರೆದಿಟ್ಟಿದ್ದೆ ಎಂದು ಕಲಾಂ ಮುಂದೆ ತಮ್ಮ ಪುಸ್ತಕದಲ್ಲಿ ಹೇಳಿಕೊಂಡರು. ಮತ್ತೆ ಹೋಲ್ಡ್ ದಾಟಿದ್ದರು! ಮರುವರ್ಷ, 2006ರ ಮೇನಲ್ಲಿ, ಸಂಸದರ ಲಾಭದಾಯಕ ಹುದ್ದೆಗಳಿಗೆ ರಕ್ಷಣೆ ಕೊಡುವ ಮಸೂದೆ ಬಂತು. ಸರ್ಕಾರಕ್ಕೂ ಬೇಕಿತ್ತು, ಸಂಸತ್ತಿಗೂ ಬೇಕಿತ್ತು. ಕಲಾಂ ಹಿಂದಕ್ಕೆ ಕಳಿಸಿದರು. ಸಂಸತ್ತು ಅದನ್ನೇ ಮತ್ತೆ ಕಳಿಸಿತು, ಅಂಕಿತ ಹಾಕಿದರು. ಆದರೆ ಆ ನಡುವಿನ ಕೆಲವು ವಾರ ಇಡೀ ದೇಶ ಆ ಮಸೂದೆಯನ್ನು ಓದಿತು.

ಹಾಗಾದರೆ ಪಳಗಿದ ರಾಜಕಾರಣಿಯೇ ವಾಸಿಯೇ? ಅದಕ್ಕೂ ಹೈದರಾಬಾದಿನಲ್ಲೇ ಒಬ್ಬರು ಸಿಗುತ್ತಾರೆ. ಅಮೀರ್‌ಪೇಟೆಯ ಪಕ್ಕದ ಎಸ್.ಆರ್. ನಗರದ ಮೆಟ್ರೊ ನಿಲ್ದಾಣದಲ್ಲಿ ದಿನವೂ ಹತ್ತಿಳಿಯುವವರಲ್ಲಿ ಎಷ್ಟು ಮಂದಿಗೆ ಆ ಎಸ್.ಆರ್. ಅಂದರೆ ಸಂಜೀವ ರೆಡ್ಡಿ ಎಂದು ನೆನಪಾಗುತ್ತದೋ! ನೀಲಂ ಸಂಜೀವ ರೆಡ್ಡಿ ನಮ್ಮ ಗಡಿಗೆ ಹೊಂದಿದ ಅನಂತಪುರ ಜಿಲ್ಲೆಯ ಇಲ್ಲೂರಿನವರು. 1931ರಲ್ಲಿ ಕಾಲೇಜು ಬಿಟ್ಟು ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿದವರು ಮತ್ತೆ ಪದವಿಯ ಕಡೆ ತಿರುಗಿ ನೋಡಲಿಲ್ಲ. 1956ರ ನವೆಂಬರ್ 1ರಂದು ಹೈದರಾಬಾದಿನಲ್ಲಿ ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿ. ಆಮೇಲೆ ಕಾಂಗ್ರೆಸ್ ಅಧ್ಯಕ್ಷ, ಮತ್ತೆ ಮುಖ್ಯಮಂತ್ರಿ. ಕರ್ನೂಲಿನ ಬಸ್ ಮಾರ್ಗಗಳ ರಾಷ್ಟ್ರೀಕರಣದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಆಡಿದ ಮಾತಿಗೆ 1964ರಲ್ಲಿ ಕುರ್ಚಿ ಬಿಟ್ಟು ಎದ್ದರು. ಬಸ್ ರೂಟಿಗಾಗಿ ಮುಖ್ಯಮಂತ್ರಿ ರಾಜೀನಾಮೆ! ಈಗ ಹೇಳಿದರೆ ಕಟ್ಟುಕಥೆ ಅಂದುಕೊಂಡಾರು.

ಜಾಕಿರ್ ತೀರಿಕೊಂಡ ಮೇಲೆ 1969ರಲ್ಲಿ ರೆಡ್ಡಿಯವರೇ ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ. ಲೋಕಸಭೆಯ ಸ್ಪೀಕರ್ ಪದವಿ ಬಿಟ್ಟು ನಿಂತರು. ಗೆಲುವು ಖಚಿತ ಅನ್ನುವಾಗ ಇಂದಿರಾ ಗಾಂಧಿ ಆತ್ಮಸಾಕ್ಷಿಯ ಮತ ಹಾಕಿ ಎಂದರು. ಪಕ್ಷೇತರರಾಗಿ ನಿಂತ ವಿ.ವಿ. ಗಿರಿ ಎರಡನೇ ಪ್ರಾಶಸ್ತ್ಯದ ಮತಗಳಲ್ಲಿ ಗೆದ್ದರು: 4,20,077 ಎದುರು 4,05,427. ಗಿರಿ ಕೆಲವೇ ವರ್ಷದ ಹಿಂದೆ ಬೆಂಗಳೂರಿನ ರಾಜಭವನದಲ್ಲಿ ನಮ್ಮ ರಾಜ್ಯಪಾಲರಾಗಿದ್ದವರು. ಸೋತ ರೆಡ್ಡಿ ಅನಂತಪುರಕ್ಕೆ ಹೋಗಿ ಹೊಲ ನೋಡಿಕೊಂಡರು.

1977ರಲ್ಲಿ ತುರ್ತುಪರಿಸ್ಥಿತಿ ಸಡಿಲಿ ಚುನಾವಣೆ ಬಂತು. ಉತ್ತರದಲ್ಲಿ ಜನತಾ ಅಲೆ, ಆಂಧ್ರದಲ್ಲಿ ಮಾತ್ರ ಕಾಂಗ್ರೆಸ್ಸೇ ಕಾಂಗ್ರೆಸ್. ಇದ್ದ 42 ಸ್ಥಾನಗಳಲ್ಲಿ 41 ಅದಕ್ಕೇ. ಉಳಿದ ಒಂದೇ ಒಂದು, ನಂದ್ಯಾಲ. ಗೆದ್ದವರು ಸಂಜೀವ ರೆಡ್ಡಿ! ಮತ್ತೆ ಸ್ಪೀಕರ್. ಜುಲೈನಲ್ಲಿ ರಾಷ್ಟ್ರಪತಿ ಸ್ಥಾನಕ್ಕೆ 37 ನಾಮಪತ್ರ ಬಂದವು, 36 ತಿರಸ್ಕೃತ. ಎಂಟು ವರ್ಷದ ಹಿಂದೆ ಸೋತವರು ಅವಿರೋಧವಾಗಿ ಆಯ್ಕೆಯಾದರು. ಜುಲೈ 25ರಂದು ಪ್ರಮಾಣವಚನ. ಅಲ್ಲಿಂದೀಚೆಗೆ ಪ್ರತಿ ರಾಷ್ಟ್ರಪತಿಯೂ ಅದೇ ತಾರೀಖಿಗೆ ಪ್ರಮಾಣವಚನ ತೆಗೆದುಕೊಳ್ಳುತ್ತ ಬಂದಿದ್ದಾರೆ.

ಅವತ್ತು ಕುರ್ಚಿ ಬಿಟ್ಟುಕೊಟ್ಟವರು ಯಾರು? ನಮ್ಮ ಬಿ.ಡಿ. ಜತ್ತಿ! ಮೈ ಜುಮ್ಮೆನ್ನುವ ಜಾಗ ಇದು. ಜಮಖಂಡಿ ಸೀಮೆಯ ಸಾವಳಗಿಯವರು. ವಕೀಲಿ, ಜಮಖಂಡಿ ಪುರಸಭೆ, ಪುಟ್ಟ ಜಮಖಂಡಿ ಸಂಸ್ಥಾನದ ಆಡಳಿತ, ಮುಂಬಯಿ ಸರ್ಕಾರದಲ್ಲಿ ಉಪಮಂತ್ರಿ, 1958ರಿಂದ 62ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ, ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್, ಒರಿಸ್ಸಾದ ರಾಜ್ಯಪಾಲ, ಉಪರಾಷ್ಟ್ರಪತಿ. ಒಂದು ಮೆಟ್ಟಿಲನ್ನೂ ಹಾರದೆ ಏರಿದವರು! ಫಕ್ರುದ್ದೀನ್ ಅಲಿ ಅಹ್ಮದ್ 1977ರ ಫೆಬ್ರವರಿ 11ರಂದು ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿಯಾದರು. ಮುಂಬಯಿಯಲ್ಲಿ ಉಪಮಂತ್ರಿಯಾಗಿದ್ದಾಗ ಅವರ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿ. ಮಾರ್ಚ್ 24ರಂದು ಅದೇ ಮೊರಾರ್ಜಿಗೆ ಪ್ರಧಾನಿಯಾಗಿ ಪ್ರಮಾಣವಚನ ಬೋಧಿಸಿದವರು ಜತ್ತಿ! ಇನ್ನೂ ಒಂದಿದೆ. 1958ರಿಂದ 60ರವರೆಗೆ ಬೆಂಗಳೂರಿನಲ್ಲಿ ಜತ್ತಿ, ಹೈದರಾಬಾದಿನಲ್ಲಿ ರೆಡ್ಡಿ, ತುಂಗಭದ್ರೆಯ ನೀರು ಹಂಚಿಕೊಳ್ಳುವ ನೆರೆ ರಾಜ್ಯಗಳ ಮುಖ್ಯಮಂತ್ರಿಗಳು. ಇಬ್ಬರೂ ಮತ್ತೆ ಎದುರುಬದುರಾದದ್ದು ದೆಹಲಿಯಲ್ಲಿ, ಒಬ್ಬರು ಇಳಿಯುತ್ತ, ಇನ್ನೊಬ್ಬರು ಏರುತ್ತ.

ಜತ್ತಿಯವರ ಕೈಗೂ ಆ ಗುಂಡಿ ಬಂದಿತ್ತು. ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಬೇಕೆಂದು ಜನತಾ ಸರ್ಕಾರ ಏಪ್ರಿಲಿನಲ್ಲಿ ಹಟ ಹಿಡಿಯಿತು. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು, 29ರಂದು ಸೋತವು. ಕಡತ ಜತ್ತಿಯವರ ಮೇಜಿಗೆ ಬಂತು. ತಕ್ಷಣ ಸಹಿ ಬೀಳಲಿಲ್ಲ! ದೆಹಲಿ ತುದಿಗಾಲಲ್ಲಿ ನಿಂತಿತು, ಮನೆಯ ಮುಂದೆ ಘೋಷಣೆಗಳು ಮೊಳಗಿದವು. 30ರಂದು ಸಹಿ ಹಾಕಿದರು. ತಡಮಾಡಿದ್ದಕ್ಕೆ ಒಂದು ಕಡೆಯವರು ಬೈದರು, ಕೊನೆಗೂ ಸಹಿ ಹಾಕಿದ್ದಕ್ಕೆ ಇನ್ನೊಂದು ಕಡೆಯವರು. ಕನ್ನಡಿಗರೊಬ್ಬರು ಆ ಹುದ್ದೆಯ ತೀರಾ ಹತ್ತಿರ ಹೋದದ್ದು ಅದೊಂದೇ ಸಲ.

ಜೀವಮಾನವಿಡೀ ರಾಜಕಾರಣದಲ್ಲಿ ಪಳಗಿದ ರೆಡ್ಡಿಯವರ ಪರೀಕ್ಷೆ 1979ರಲ್ಲಿ ಬಂತು. ಮೊರಾರ್ಜಿ ಸರ್ಕಾರ ಬಿತ್ತು. ಚರಣ್ ಸಿಂಗ್ ಪ್ರಧಾನಿಯಾದರು, ಲೋಕಸಭೆಯನ್ನು ಒಮ್ಮೆಯೂ ಎದುರಿಸದೆ ರಾಜೀನಾಮೆ ಕೊಟ್ಟರು. ನನಗೊಂದು ಅವಕಾಶ ಕೊಡಿ ಎಂದು ಜಗಜೀವನ್ ರಾಂ ಕಾದಿದ್ದರು. ರೆಡ್ಡಿ ಆಗಸ್ಟ್ 22ರಂದು ಲೋಕಸಭೆಯನ್ನೇ ವಿಸರ್ಜಿಸಿದರು. ಸರಿಯೋ ತಪ್ಪೋ ಎಂದು ಆಗ ಶುರುವಾದ ಜಗಳ ಇನ್ನೂ ಮುಗಿದಿಲ್ಲ. ಎರಡು ಸಲ ಮುಖ್ಯಮಂತ್ರಿ, ಎರಡು ಸಲ ಸ್ಪೀಕರ್, ಪಕ್ಷದ ಅಧ್ಯಕ್ಷ: ಇಷ್ಟೆಲ್ಲ ಅನುಭವ ಇದ್ದೂ ಹೀಗೆ. ಜಗಜೀವನ್ ರಾಂ ಅವರಿಗೆ ಕೆಲವು ದಿನ ಕೊಡಬಹುದಿತ್ತು ಎನ್ನುವವರ ಪಕ್ಷ ನಾನು. ರೆಡ್ಡಿ ತೀರಿಕೊಂಡದ್ದು ಬೆಂಗಳೂರಿನಲ್ಲಿ, 1996ರ ಜೂನ್ 1ರಂದು.

ಇವರೆಲ್ಲರಿಗಿಂತ ಮೊದಲು ಇನ್ನೊಂದು ಹೆಸರು ತೇಲಿಬಂದಿತ್ತು. ಓದಿದಾಗ ಕಣ್ಣುಜ್ಜಿಕೊಂಡು ಮತ್ತೆ ಓದಿದೆ. ಚಕ್ರಯ್ಯ. ಆಂಧ್ರದ ದಲಿತ ಯುವಕ, ಗಾಂಧೀಜಿಯ ಸೇವಾಗ್ರಾಮ ಆಶ್ರಮವಾಸಿ. 1947ರಲ್ಲಿ ಎಳೆಯ ವಯಸ್ಸಿಗೇ ತೀರಿಕೊಂಡ. ಜೂನಿನಲ್ಲಿ, ಅಧಿಕಾರ ಹಸ್ತಾಂತರದ ಗಡಿಬಿಡಿಯ ನಡುವೆ, ಪ್ರಾರ್ಥನಾ ಸಭೆಯಲ್ಲಿ ಗಾಂಧೀಜಿ ಅವನನ್ನು ನೆನೆದರು. ಗಣರಾಜ್ಯದ ಮೊದಲ ಅಧ್ಯಕ್ಷರನ್ನು ಆರಿಸುವ ಕಾಲ ಬರುತ್ತಿದೆ, ಚಕ್ರಯ್ಯ ಬದುಕಿದ್ದರೆ ಅವನ ಹೆಸರನ್ನೇ ಸೂಚಿಸುತ್ತಿದ್ದೆ ಎಂದರು! ಧೈರ್ಯವಂತೆಯಾದ, ಶುದ್ಧ ಮನಸ್ಸಿನ ದಲಿತ ಹುಡುಗಿ ಆ ಸ್ಥಾನಕ್ಕೆ ಬರಲಿ ಎಂಬ ಆಸೆಯನ್ನೂ ಹೇಳಿಕೊಂಡರು. ಓದಿದ ದೊಡ್ಡವರು ಮಂತ್ರಿಗಳಾಗಿ ಅವಳಿಗೆ ನೆರವಾಗಲಿ ಎಂಬುದು ಅವರ ಎಣಿಕೆ. ಕನಸುಗಾರ ಮುದುಕನ ಮಾತು ಎಂದು ಹಲವರು ನಕ್ಕಿರಬೇಕು. ಆದರೆ 58ನೇ ವಿಧಿ ಬರೆದವರು ಆ ಹುಡುಗಿಗೆ ಅಡ್ಡಗೋಡೆ ಕಟ್ಟಲಿಲ್ಲ, ನೋಡಿ!

ಸಿಕಂದರಾಬಾದಿನಿಂದ ಉತ್ತರಕ್ಕೆ ಅಲ್ವಾಲ್ ದಾಟಿ ಬೊಲ್ಲಾರಂಗೆ ಹೋದರೆ ರಾಷ್ಟ್ರಪತಿ ನಿಲಯಂ ಇದೆ. 1860ರಲ್ಲಿ ಕಟ್ಟಿದ್ದು, ಬ್ರಿಟಿಷ್ ರೆಸಿಡೆಂಟರು ಬಂದಿಳಿಯುತ್ತಿದ್ದ ಮನೆ. ಸುಮಾರು 90 ಎಕರೆ ತೋಟ, ನಡುವೆ ಮಹಡಿಯಿಲ್ಲದ ಕಟ್ಟಡ, 11 ಕೋಣೆ. ದಕ್ಷಿಣಕ್ಕೆ ಬಂದಾಗ ರಾಷ್ಟ್ರಪತಿಗಳು ಉಳಿಯುವುದು ಇಲ್ಲೇ. ಇಲ್ಲಿ ನೋಡಲೇಬೇಕಾದ್ದು ನೆಲದೊಳಗಿನ ಸುರಂಗ! ಅಡುಗೆಮನೆ ಬೇರೆ ಕಟ್ಟಡ, ಊಟದ ಮನೆ ಬೇರೆ. ಬಡಿಸುವವರು ತಟ್ಟೆ, ಪಾತ್ರೆ ಹಿಡಿದು ಅತಿಥಿಗಳ ಕಣ್ಣಿಗೆ ಬೀಳದ ಹಾಗೆ ಈ ಸುರಂಗದಲ್ಲೇ ಓಡಾಡಬೇಕಿತ್ತು. ಈಗ ಅದರ ಗೋಡೆಗಳ ಮೇಲೆ ತೆಲಂಗಾಣದ ಚೇರ್ಯಾಲ ಚಿತ್ರಗಳು ಮೂಡಿವೆ; ಕೆಂಪು ಹಿನ್ನೆಲೆ, ದೊಡ್ಡ ಕಣ್ಣಿನ ಗಂಡಸರು, ಹೆಂಗಸರು. ಒಂದು ಕಾಲಕ್ಕೆ ಆಳುಗಳು ತಲೆ ತಗ್ಗಿಸಿ ಓಡುತ್ತಿದ್ದಲ್ಲಿ ಶಾಲೆಯ ಮಕ್ಕಳು ಕೇಕೆ ಹಾಕುತ್ತ ನಡೆಯುತ್ತಾರೆ.

ಮೊದಲೆಲ್ಲ ವರ್ಷದಲ್ಲಿ ಕೆಲವೇ ದಿನ ಸಾರ್ವಜನಿಕರಿಗೆ ಪ್ರವೇಶವಿತ್ತು. 2023ರ ಯುಗಾದಿಯಿಂದ ಅದನ್ನು ವರ್ಷವಿಡೀ ತೆರೆಸಿದವರು ದ್ರೌಪದಿ ಮುರ್ಮು. ಒಡಿಶಾದ ನೀರಾವರಿ ಇಲಾಖೆಯಲ್ಲಿ ಕಿರಿಯ ಸಹಾಯಕಿ, ರಾಯರಂಗಪುರದ ಶಾಲೆಯಲ್ಲಿ ಮೇಡಂ, 1997ರಲ್ಲಿ ಅದೇ ಊರಿನ ಪುರಸಭೆಯ ಸದಸ್ಯೆ, ಆಮೇಲೆ ಶಾಸಕಿ, ಮಂತ್ರಿ. 2015ರಲ್ಲಿ ಜಾರ್ಖಂಡಿನ ರಾಜ್ಯಪಾಲರಾದರು. ಅಲ್ಲಿನ ಸರ್ಕಾರ ಅವರು ಬೆಳೆದುಬಂದ ಪಕ್ಷದ್ದೇ. ಆದಿವಾಸಿಗಳ ಜಮೀನಿಗೆ ರಕ್ಷಣೆ ಕೊಡುವ ಛೋಟಾನಾಗಪುರ, ಸಂತಾಲ್ ಪರಗಣ ಕಾಯ್ದೆಗಳನ್ನು ತಿದ್ದಲು ಆ ಸರ್ಕಾರ 2016ರ ನವೆಂಬರಿನಲ್ಲಿ ಮಸೂದೆ ಪಾಸು ಮಾಡಿತು. ಊರೂರಲ್ಲಿ ಪ್ರತಿಭಟನೆ. ಮಸೂದೆ ರಾಂಚಿಯ ರಾಜಭವನಕ್ಕೆ ಬಂತು. ಸಂತಾಲ ಹೆಣ್ಣುಮಗಳು ತಿಂಗಳುಗಟ್ಟಲೆ ಅದನ್ನು ಇಟ್ಟುಕೊಂಡರು. 2017ರಲ್ಲಿ ಸಹಿ ಹಾಕದೆ ವಾಪಸು ಕಳಿಸಿದರು. ಸರ್ಕಾರ ಕೈಬಿಟ್ಟಿತು. ಅದಾಗಿ ಐದು ವರ್ಷಕ್ಕೆ, 2022ರ ಜುಲೈ 25ರಂದು, ದೆಹಲಿಯಲ್ಲಿ ಪ್ರಮಾಣವಚನ, ಡಿಸೆಂಬರಿನಲ್ಲಿ ಬೊಲ್ಲಾರಂ.